ಡ್ರ್ಯಾಗನ್‌ಗಳ ಆಟದಲ್ಲಿ ಒಂಟಿ ಗ್ರಿಫಿನ್‌ನ ಲೆಕ್ಕ

1999ರಲ್ಲಿ ಬಿಡುಗಡೆಯಾದ ‘ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3’ ಕಂಪ್ಯೂಟರ್ ಆಟವನ್ನು ಬಲ್ಲವರ ನಡುವೆ ಮಾತು ಶುರುವಾದರೆ ಅದು ಬಹುಬೇಗ ಕಪ್ಪು ಡ್ರ್ಯಾಗನ್‌ಗಳತ್ತ, ರೆಕ್ಕೆ ಬಿಚ್ಚಿದ ಆರ್ಕೇಂಜೆಲ್‌ಗಳತ್ತ, ಇಡೀ ರಣರಂಗವನ್ನು ಒಂದೇ ಏಟಿಗೆ ಸುಟ್ಟುಬಿಡುವ ಆರ್ಮಗೆಡನ್ ಮಂತ್ರದತ್ತ ಹೊರಳುತ್ತದೆ. ಅದು ಸಹಜವೇ. ಕಣ್ಣಿಗೆ ಕಟ್ಟುವಂಥವು ಅವೇ, ಗೆದ್ದ ಮೇಲೆ ಹೇಳಿಕೊಳ್ಳಲು ಚೆನ್ನಾಗಿರುವಂಥವೂ ಅವೇ. ಆದರೆ ಈ ಆಟವನ್ನು ಕಾಲೇಜಿನ ದಿನಗಳಿಂದ ಇಂದಿನವರೆಗೆ ಬಿಟ್ಟು ಬಿಟ್ಟು ಆಡುತ್ತ ಬಂದಿರುವ ನನಗೆ ಅದರ ನಿಜವಾದ ಜಾಣತನ ಕಾಣಿಸಿರುವುದು ಅತಿ ಚಿಕ್ಕ ಸಂಗತಿಗಳಲ್ಲಿ: ಸಾಯಲೆಂದೇ ಮುಂದೆ ಕಳುಹಿಸಿದ, ಹದ್ದಿನ ತಲೆ ಸಿಂಹದ ಮೈಯ ಒಂಟಿ ಗ್ರಿಫಿನ್‌ನಲ್ಲಿ, ಸೈನ್ಯವೇ ಇಲ್ಲದೆ ಮ್ಯಾಪಿನ ಮೂಲೆಯಲ್ಲಿ ಅಲೆಯುವ ಎರಡನೆಯ ದರ್ಜೆಯ ನಾಯಕನಲ್ಲಿ, ವಾರದ ಏಳನೆಯ ದಿನ ಕೈಯಲ್ಲಿ ಉಳಿದಿರುವ ನಾಲ್ಕು ಹೆಜ್ಜೆಗಳಲ್ಲಿ. ಈ ಬರಹದಲ್ಲಿ ಹೇಳಹೊರಟಿರುವುದು ಅದನ್ನೇ.

ಆಟವನ್ನು ಕಂಡಿರದವರಿಗಾಗಿ ಅದರ ಹಿನ್ನೆಲೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಜಾನ್ ವ್ಯಾನ್ ಕ್ಯಾನೆಘೆಮ್ ಅವರು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ನ್ಯೂ ವರ್ಲ್ಡ್ ಕಂಪ್ಯೂಟಿಂಗ್ ಸಂಸ್ಥೆ 1986ರಲ್ಲಿ ‘ಮೈಟ್ ಅಂಡ್ ಮ್ಯಾಜಿಕ್’ ಎಂಬ ಪಾತ್ರಾಭಿನಯದ ಆಟವನ್ನೂ 1990ರಲ್ಲಿ ‘ಕಿಂಗ್ಸ್ ಬೌಂಟಿ’ ಎಂಬ ಸಣ್ಣ ಯುದ್ಧತಂತ್ರದ ಆಟವನ್ನೂ ಹೊರತಂದಿತು. ಮೊದಲನೆಯದರ ಲೋಕವನ್ನು ಎರಡನೆಯದರ ನಿಯಮಗಳಿಗೆ ಕೂಡಿಸಿದಾಗ 1995ರಲ್ಲಿ ‘ಹೀರೋಸ್’ ಸರಣಿಯ ಮೊದಲ ಆಟ ಹುಟ್ಟಿತು. 1996ರಲ್ಲಿ ಎರಡನೆಯದು ಬಂತು. ಅದೇ ವರ್ಷ ಸಂಸ್ಥೆ 3ಡಿಓ ಕಂಪನಿಯ ಪಾಲಾಯಿತು. ಮೂರನೆಯ ಆಟದ ಮುಖ್ಯ ವಿನ್ಯಾಸಕ ಗ್ರೆಗರಿ ಫುಲ್ಟನ್. ಪಾಲ್ ರೊಮೆರೊ, ರಾಬ್ ಕಿಂಗ್ ಮತ್ತಿತರರು ಅದಕ್ಕೆ ಸಂಗೀತ ಕೊಟ್ಟರು. ಒಂದೊಂದು ಪಟ್ಟಣಕ್ಕೂ ಒಂದೊಂದು ರಾಗವಿರುವ ಆ ಸಂಗೀತವನ್ನು ಆಟವಾಡದ ದಿನಗಳಲ್ಲೂ ಕೇಳುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ.

ಆಟಕ್ಕೆ ಎರಡು ಮಟ್ಟಗಳಿವೆ. ಮೇಲಿನ ಮಟ್ಟದಲ್ಲಿ ವಿಶಾಲವಾದ ಮ್ಯಾಪು, ಅದರ ಮೇಲೆ ಕುದುರೆ ಏರಿದ ನಾಯಕರು, ಗಣಿಗಳು, ಪಟ್ಟಣಗಳು, ದಾರಿ ಕಾಯುತ್ತ ನಿಂತ ಜೀವಿಗಳು. ಇಬ್ಬರು ಶತ್ರುಗಳು ಎದುರಾದ ಕೂಡಲೇ ಪರದೆ ಬದಲಾಗಿ 15 ಕೋಶ ಅಗಲ, 11 ಕೋಶ ಎತ್ತರದ ಷಟ್ಕೋನಗಳ ರಣರಂಗ ತೆರೆದುಕೊಳ್ಳುತ್ತದೆ. ಮೂಲ ಆಟದಲ್ಲಿ ಎಂಟು ಬಗೆಯ ಪಟ್ಟಣಗಳಿದ್ದು, ಪ್ರತಿಯೊಂದರಲ್ಲೂ ಏಳು ಶ್ರೇಣಿಯ ಜೀವಿಗಳು ಹುಟ್ಟುತ್ತವೆ. ಪ್ರತಿ ಜೀವಿಗೂ ಒಂದು ಸುಧಾರಿತ ರೂಪವಿದೆ. ನಾಯಕನೊಬ್ಬ ಏಳು ತುಕಡಿಗಳನ್ನು ಮಾತ್ರ ಜೊತೆಯಲ್ಲಿ ಒಯ್ಯಬಲ್ಲ. ಒಂದು ತುಕಡಿಯಲ್ಲಿ ಒಂದೇ ಜಾತಿಯ ಜೀವಿಗಳಿರಬೇಕು, ಆದರೆ ಎಷ್ಟು ಬೇಕಾದರೂ ಇರಬಹುದು. ಪರದೆಯ ಮೇಲೆ ಕಾಣುವುದು ಒಂದೇ ಆಕೃತಿ, ಅದರ ಕಾಲಬುಡದಲ್ಲಿ ಒಂದು ಸಂಖ್ಯೆ. ಹತ್ತು ಅಸ್ಥಿಪಂಜರಗಳೂ ಸಾವಿರ ಅಸ್ಥಿಪಂಜರಗಳೂ ಆಕ್ರಮಿಸುವುದು ಒಂದೇ ಕೋಶವನ್ನು. ಈ ಒಂದು ನಿಯಮದಿಂದ ಎಷ್ಟೆಲ್ಲ ಹುಟ್ಟಿಕೊಳ್ಳುತ್ತದೆ ಎನ್ನುವುದು ಆಡುತ್ತ ಹೋದಂತೆ ಮಾತ್ರ ತಿಳಿಯುತ್ತದೆ.

ತುಕಡಿಯ ಹೊಡೆತ ಅದರ ಸಂಖ್ಯೆಯೊಂದಿಗೆ ನೇರವಾಗಿ ಏರುತ್ತದೆ. ಆದ್ದರಿಂದ ಎದುರಾಳಿಯ ಅರ್ಧ ಜನರನ್ನು ಮೊದಲೇ ಕೊಂದರೆ ಅವನ ಹೊಡೆತವೂ ಅರ್ಧವಾಗುತ್ತದೆ. ಮೊದಲು ಕೈ ಎತ್ತುವವನಿಗೆ ಇಲ್ಲಿ ದುಪ್ಪಟ್ಟು ಲಾಭ. ಹೊಡೆಯುವವನ ದಾಳಿಯ ಅಂಕ ಹೊಡೆಸಿಕೊಳ್ಳುವವನ ರಕ್ಷಣೆಯ ಅಂಕಕ್ಕಿಂತ ಹೆಚ್ಚಿದ್ದರೆ ಪ್ರತಿ ಅಂಕದ ಅಂತರಕ್ಕೂ ಹೊಡೆತ ಶೇ. 5ರಷ್ಟು ಹೆಚ್ಚುತ್ತದೆ, ಕಡಿಮೆಯಿದ್ದರೆ ಪ್ರತಿ ಅಂಕಕ್ಕೂ ಶೇ. 2.5ರಷ್ಟು ಇಳಿಯುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದ ನಿಯಮ ಪ್ರತಿಹೊಡೆತದ್ದು. ಕೈಕೈ ಮಿಲಾಯಿಸಿದ ತುಕಡಿಗೆ ಎದುರಾಳಿ ತಕ್ಷಣವೇ ತಿರುಗಿ ಹೊಡೆಯುತ್ತದೆ, ಆದರೆ ಒಂದು ಸುತ್ತಿನಲ್ಲಿ ಒಂದೇ ಬಾರಿ. ಆ ಒಂದು ಬಾರಿಯ ಹಕ್ಕನ್ನು ಯಾರ ಮೇಲೆ ಖರ್ಚು ಮಾಡಿಸಬೇಕು ಎಂಬುದೇ ಈ ಆಟದ ಕೇಂದ್ರದಲ್ಲಿರುವ ಪ್ರಶ್ನೆ ಎಂದರೆ ತಪ್ಪಾಗಲಾರದು.

ಒಂದು ಉದಾಹರಣೆಯನ್ನು ಕೂತು ಲೆಕ್ಕ ಹಾಕೋಣ. ನನ್ನ ಬಳಿ ಕತ್ತಿ ಹಿಡಿದ 20 ಸ್ವೋರ್ಡ್ಸ್‌ಮನ್‌ಗಳಿದ್ದಾರೆ, ಎದುರಿಗೆ ದೈತ್ಯರಂಥ 20 ಆಗರ್‌ಗಳು ನಿಂತಿವೆ ಎಂದಿಟ್ಟುಕೊಳ್ಳಿ. ನಾಯಕನ ಅಂಕಗಳನ್ನೂ ಅದೃಷ್ಟವನ್ನೂ ಸದ್ಯಕ್ಕೆ ಬದಿಗಿಡೋಣ. ಸ್ವೋರ್ಡ್ಸ್‌ಮನ್‌ನ ದಾಳಿ 10, ರಕ್ಷಣೆ 12, ಹೊಡೆತ 6ರಿಂದ 9, ಜೀವ 35. ಆಗರ್‌ನ ದಾಳಿ 13, ರಕ್ಷಣೆ 7, ಹೊಡೆತ 6ರಿಂದ 12, ಜೀವ 40. ನನ್ನವರು ಹೊಡೆದರೆ ಸರಾಸರಿ 172ರಷ್ಟು ಪೆಟ್ಟು ಬೀಳುತ್ತದೆ, ನಾಲ್ಕು ಆಗರ್‌ಗಳು ಉರುಳುತ್ತವೆ. ಉಳಿದ ಹದಿನಾರು ತಿರುಗಿ ಹೊಡೆದಾಗ ಸರಾಸರಿ 151ರ ಪೆಟ್ಟು ನನ್ನವರ ಮೇಲೆ ಬಿದ್ದು ನಾಲ್ವರು ಸಾಯುತ್ತಾರೆ. ಒಬ್ಬ ಸ್ವೋರ್ಡ್ಸ್‌ಮನ್‌ಗೆ 300 ಚಿನ್ನ, ಅಂದರೆ ಆ ಒಂದು ಪ್ರತಿಹೊಡೆತದಲ್ಲಿ ನಾನು ಕಳೆದುಕೊಂಡದ್ದು 1200 ಚಿನ್ನ. ಈಗ ಖಾಲಿಯಿರುವ ತುಕಡಿಯ ಜಾಗದಲ್ಲಿ ಒಂದೇ ಒಂದು ಗ್ರಿಫಿನ್ ಇಟ್ಟುಕೊಂಡಿದ್ದೆ ಎನ್ನಿ. ಗ್ರಿಫಿನ್‌ನ ವೇಗ 6, ಸ್ವೋರ್ಡ್ಸ್‌ಮನ್‌ನದು 5, ಆಗರ್‌ನದು 4. ಆದ್ದರಿಂದ ಎಲ್ಲರಿಗಿಂತ ಮೊದಲು ಅದರ ಸರದಿ ಬರುತ್ತದೆ. ಅದು ಹಾರಿಹೋಗಿ ಆಗರ್‌ಗಳ ಗುಂಪಿಗೆ ಒಂದು ಪುಟ್ಟ ಪೆಟ್ಟು ಕೊಡುತ್ತದೆ, ಇಪ್ಪತ್ತು ಆಗರ್‌ಗಳು ತಮ್ಮ ಆ ಸುತ್ತಿನ ಏಕೈಕ ಪ್ರತಿಹೊಡೆತವನ್ನು ಅದರ ಮೇಲೆ ಸುರಿಯುತ್ತವೆ, ಗ್ರಿಫಿನ್ ಸಾಯುತ್ತದೆ. ಅದರ ಬೆಲೆ 200 ಚಿನ್ನ. ಬೆನ್ನಿಗೇ ನನ್ನ ಇಪ್ಪತ್ತು ಮಂದಿ ಹೊಡೆಯುತ್ತಾರೆ, ತಿರುಗಿ ಹೊಡೆಯುವವರಿಲ್ಲ. ಆಗರ್‌ಗಳು ತಮ್ಮ ಸರದಿಯಲ್ಲಿ ನನ್ನವರ ಮೇಲೆ ಬಿದ್ದೇ ಬೀಳುತ್ತವೆ, ಅದು ಬೇರೆ ಮಾತು. ಆಗ ತಿರುಗಿ ಹೊಡೆಯುವ ಹಕ್ಕು ನನ್ನವರಿಗೆ ಇದ್ದೇ ಇರುತ್ತದೆ.

ಇಷ್ಟು ಲೆಕ್ಕ ತಿಳಿದ ಮೇಲೆ ಆಟಗಾರನ ಕಣ್ಣಿಗೆ ಸೈನ್ಯ ಬೇರೆಯಾಗಿಯೇ ಕಾಣತೊಡಗುತ್ತದೆ. ಏಳು ಜಾಗಗಳಲ್ಲಿ ಮೂರನ್ನು ಮಾತ್ರ ನಿಜವಾದ ಸೈನ್ಯಕ್ಕೆ ಕೊಟ್ಟು, ಉಳಿದ ನಾಲ್ಕರಲ್ಲಿ ಒಂದೊಂದೇ ಜೀವಿಯನ್ನು ಇಟ್ಟುಕೊಳ್ಳುವುದು ಅಭ್ಯಾಸವಾಗುತ್ತದೆ. ಈ ಒಂಟಿಗಳಿಗೆ ಪ್ರತಿಹೊಡೆತ ನುಂಗುವುದೊಂದೇ ಕೆಲಸವಲ್ಲ. ಬಿಲ್ಲುಗಾರರ ಪಕ್ಕದ ಕೋಶಕ್ಕೆ ಶತ್ರು ಬಂದು ನಿಂತರೆ ಅವರು ಬಾಣ ಬಿಡಲಾರರು, ಕೈಯಲ್ಲೇ ಗುದ್ದಾಡಬೇಕು, ಮತ್ತು ಬಹುಪಾಲು ಬಿಲ್ಲುಗಾರರಿಗೆ ಕೈಹೊಡೆತದಲ್ಲಿ ಬಲ ಅರ್ಧವಾಗುತ್ತದೆ. ಹೀಗಾಗಿ ವೇಗವಾಗಿ ಹಾರಬಲ್ಲ ಒಂದು ಜೀವಿ ನೂರು ಬಿಲ್ಲುಗಾರರ ಬಾಯಿ ಕಟ್ಟಬಲ್ಲದು. ನನ್ನ ಬಿಲ್ಲುಗಾರರನ್ನು ರಣರಂಗದ ಮೂಲೆಗೆ ಸರಿಸಿ ಸುತ್ತಲಿನ ಕೋಶಗಳಲ್ಲಿ ಒಂಟಿ ಈಟಿಗಾರರನ್ನು ನಿಲ್ಲಿಸಿದರೆ ಶತ್ರುವಿನ ಕಾಲಾಳುಗಳು ಒಬ್ಬೊಬ್ಬ ಈಟಿಗಾರನಿಗೆ ಒಂದೊಂದು ಸುತ್ತು ವ್ಯಯಿಸಬೇಕಾಗುತ್ತದೆ, ಆ ಸುತ್ತುಗಳಲ್ಲೆಲ್ಲ ಬಾಣಗಳು ಹಾರುತ್ತಲೇ ಇರುತ್ತವೆ. ಕಂಪ್ಯೂಟರು ನಡೆಸುವ ಪಡೆಗಳು ಹಲವೊಮ್ಮೆ ಎಟುಕಿದ ಒಂಟಿ ಸೈನಿಕನ ಮೇಲೆಯೇ ತಮ್ಮ ದೊಡ್ಡ ಹೊಡೆತವನ್ನು ದಂಡ ಮಾಡಿಕೊಳ್ಳುತ್ತವೆ ಎಂಬುದು ಇದಕ್ಕೆ ಸೇರಿಕೊಂಡ ಅನುಕೂಲ.

ವಿನ್ಯಾಸಕಾರರು ಈ ತಂತ್ರಕ್ಕೆ ಅಲ್ಲಲ್ಲಿ ಗೋಡೆಗಳನ್ನೂ ಹಾಕಿದ್ದಾರೆ, ಆಟ ರುಚಿಯಾಗುವುದೇ ಅಲ್ಲಿ. ಸಾಮಾನ್ಯ ಗ್ರಿಫಿನ್ ಒಂದು ಸುತ್ತಿನಲ್ಲಿ ಎರಡು ಬಾರಿ ತಿರುಗಿ ಹೊಡೆಯುತ್ತದೆ, ರಾಯಲ್ ಗ್ರಿಫಿನ್ ಎಷ್ಟು ಬಾರಿಯಾದರೂ ಹೊಡೆಯುತ್ತದೆ. ಅವುಗಳ ಮುಂದೆ ಒಂಟಿಯನ್ನು ಬಲಿ ಕೊಟ್ಟು ಪ್ರಯೋಜನವಿಲ್ಲ. ಹಲವು ತಲೆಗಳ ಹೈಡ್ರಾ ತನ್ನ ಸುತ್ತಲಿರುವ ಎಲ್ಲರನ್ನೂ ಒಟ್ಟಿಗೆ ಕಚ್ಚುತ್ತದೆ, ಆದ್ದರಿಂದ ಅದಕ್ಕೆ ಒಂಟಿಗಳ ಬೇಲಿ ಕಟ್ಟುವುದೆಂದರೆ ಊಟ ಬಡಿಸಿದ ಹಾಗೆ. ನಾಗಾಗಳು, ವ್ಯಾಂಪೈರ್‌ಗಳು, ಡೆವಿಲ್‌ಗಳು ಹೊಡೆದಾಗ ಯಾರೂ ತಿರುಗಿ ಹೊಡೆಯುವಂತಿಲ್ಲ. ಈ ಜೀವಿಗಳಿಗೆ ದಾರಿ ತೆರೆಯಲು ಯಾರೂ ಸಾಯಬೇಕಿಲ್ಲ. ಯಾವ ಜೀವಿಯ ಬೆಲೆ ಏಕೆ ಅಷ್ಟಿದೆ ಎಂಬುದು ಈ ದೃಷ್ಟಿಯಿಂದ ನೋಡಿದಾಗ ಮಾತ್ರ ಪೂರ್ತಿ ಅರ್ಥವಾಗುತ್ತದೆ. ಈ ತಂತ್ರದ ಕ್ರೌರ್ಯದ ಬಗ್ಗೆ ಆಗಾಗ ಯೋಚಿಸಿದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಯುದ್ಧ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ ‘ಸತ್ತವರು: ಗ್ರಿಫಿನ್ 1’ ಎಂದು ಕಂಡಾಗ ಮನಸ್ಸಿಗೆ ಆಗುವ ತೃಪ್ತಿ ಒಬ್ಬ ಸೇನಾಪತಿಯದಲ್ಲ, ಒಬ್ಬ ಗುಮಾಸ್ತನದು.

ನಾಯಕ ಸ್ವತಃ ಕತ್ತಿ ಹಿಡಿದು ಇಳಿಯುವುದಿಲ್ಲ. ಅವನು ರಣರಂಗದ ಅಂಚಿನಲ್ಲಿದ್ದುಕೊಂಡು ಸುತ್ತಿಗೊಂದು ಮಂತ್ರ ಹಾಕುತ್ತಾನೆ. ಅವನ ದಾಳಿ, ರಕ್ಷಣೆಯ ಅಂಕಗಳು ಪ್ರತಿ ಸೈನಿಕನ ಅಂಕಗಳಿಗೆ ಕೂಡಿಕೊಳ್ಳುತ್ತವೆ. ಇಲ್ಲಿಯೂ ಚಿಕ್ಕದರ ಮೇಲುಗೈ ಎದ್ದು ಕಾಣುತ್ತದೆ. ಐದನೆಯ ಮಟ್ಟದ ಮಂತ್ರಗಳ ಆರ್ಭಟಕ್ಕಿಂತ ಮೊದಲ ಮಟ್ಟದ ‘ಸ್ಲೋ’ ಎಂಬ ಸಾಮಾನ್ಯ ಮಂತ್ರ ಹೆಚ್ಚು ಯುದ್ಧಗಳನ್ನು ಗೆಲ್ಲಿಸಿದೆ ಎಂದು ನನ್ನ ನಂಬಿಕೆ. ಭೂಮಿಯ ಮಂತ್ರವಿದ್ಯೆಯಲ್ಲಿ ಪರಿಣತಿ ಪಡೆದ ನಾಯಕ ಅದನ್ನು ಹಾಕಿದರೆ ಶತ್ರುವಿನ ಎಲ್ಲ ತುಕಡಿಗಳ ವೇಗವೂ ಒಮ್ಮೆಲೇ ಅರ್ಧಕ್ಕಿಳಿಯುತ್ತದೆ, ಮೊದಲು ಕೈ ಎತ್ತುವ ಹಕ್ಕು ನಮ್ಮದಾಗುತ್ತದೆ, ದೂರದಿಂದ ನಡೆದು ಬರುವವರು ತಲುಪುವ ಮೊದಲೇ ಇನ್ನೆರಡು ಸಲ ಬಾಣ ಬಿಡಬಹುದು. ಕಪ್ಪು ಡ್ರ್ಯಾಗನ್‌ಗೆ ಯಾವ ಮಂತ್ರವೂ ತಾಕುವುದಿಲ್ಲ ಎಂಬುದು ಅದರ ಹೆಗ್ಗಳಿಕೆ; ನಾವೇ ಅದಕ್ಕೆ ಒಳ್ಳೆಯದನ್ನು ಮಾಡಲು ಹಾಕಿದ ಮಂತ್ರವೂ ತಾಕುವುದಿಲ್ಲ ಎಂಬುದು ಹೊಸಬರಿಗೆ ತಡವಾಗಿ ಹೊಳೆಯುವ ಸಂಗತಿ.

ಡ್ರ್ಯಾಗನ್‌ಗಳ ವಿಷಯ ಬಂದಿತಾದ್ದರಿಂದ ಹೇಳುತ್ತೇನೆ: ಏಳನೆಯ ಶ್ರೇಣಿಯ ಜೀವಿ ವಾರಕ್ಕೆ ಒಂದು ಮಾತ್ರ ಹುಟ್ಟುತ್ತದೆ, ಪಟ್ಟಣದ ಕೋಟೆಯನ್ನು ಪೂರ್ತಿಯಾಗಿ ಕಟ್ಟಿದ್ದರೆ ಎರಡು. ಅದರ ಗುಹೆಯನ್ನು ಕಟ್ಟಿ ಮುಗಿಸುವ ಹೊತ್ತಿಗೆ ಜಾಣ ಎದುರಾಳಿ ಸಣ್ಣ ಸೈನಿಕರ ಬಲದಿಂದಲೇ ಅರ್ಧ ಮ್ಯಾಪನ್ನು ಬಾಚಿಕೊಂಡಿರುತ್ತಾನೆ. ಮೇಲಿನ ಮಟ್ಟದ ಆಟ ಪೂರ್ತಿಯಾಗಿ ಕಾಲದ ಆಟ. ಒಂದು ದಿನಕ್ಕೆ ಒಂದು ಪಟ್ಟಣದಲ್ಲಿ ಒಂದೇ ಕಟ್ಟಡ. ವಾರಕ್ಕೆ ಏಳು ದಿನ, ತಿಂಗಳಿಗೆ ನಾಲ್ಕು ವಾರ, ಹೊಸ ಸೈನಿಕರು ಹುಟ್ಟುವುದು ವಾರದ ಮೊದಲ ದಿನ. ಆದ್ದರಿಂದ ಶತ್ರುವಿನ ಪಟ್ಟಣವನ್ನು ಏಳನೆಯ ದಿನ ವಶಪಡಿಸಿಕೊಂಡವನಿಗೆ ಮರುದಿನ ಬೆಳಗ್ಗೆ ಆ ವಾರದ ಸೈನಿಕರೆಲ್ಲ ಸಿಗುತ್ತಾರೆ. ಒಂದು ದಿನ ತಡವಾದರೆ ಅದೇ ಸೈನಿಕರು ಕೋಟೆಯ ಗೋಡೆಯ ಮೇಲೆ ಅವನಿಗೆ ಎದುರಾಗಿ ನಿಂತಿರುತ್ತಾರೆ. ಪಟ್ಟಣದ ಆಡಳಿತ ಭವನ ಆರಂಭದಲ್ಲಿ ದಿನಕ್ಕೆ 500 ಚಿನ್ನ ಕೊಡುತ್ತದೆ, ಹಂತಹಂತವಾಗಿ 1000, 2000 ಎಂದೇರಿ ಕೊನೆಗೆ ರಾಜಧಾನಿಯಾದಾಗ 4000 ಕೊಡುತ್ತದೆ. ಮೊದಲ ವಾರದಲ್ಲಿ ಹಣಕ್ಕೆ ಕಟ್ಟುವುದೋ ಸೈನ್ಯಕ್ಕೆ ಕಟ್ಟುವುದೋ ಎಂಬ ತೂಗಾಟಕ್ಕೆ ಸರಿಯಾದ ಒಂದೇ ಉತ್ತರವಿಲ್ಲ. ಮ್ಯಾಪು, ಎದುರಾಳಿ, ಸಿಕ್ಕ ಗಣಿಗಳು ಇವೆಲ್ಲ ಸೇರಿ ಪ್ರತಿಸಲವೂ ಬೇರೆ ಉತ್ತರ ಕೇಳುತ್ತವೆ.

ಹೊಸಬರು ಒಬ್ಬನೇ ನಾಯಕನನ್ನು ಇಟ್ಟುಕೊಂಡು ಅವನಿಂದಲೇ ಎಲ್ಲವನ್ನೂ ಮಾಡಿಸಲು ಹೋಗುತ್ತಾರೆ. ಪಳಗಿದವರು ಮೊದಲ ದಿನವೇ ನಾಯಕರು ಸಿಗುವ ಟ್ಯಾವರ್ನ್‌ಗೆ ಹೋಗಿ 2500 ಚಿನ್ನ ಕೊಟ್ಟು ಎರಡನೆಯವನನ್ನು ಕರೆತರುತ್ತಾರೆ. ಅವನು ತಂದ ಪುಟ್ಟ ಸೈನ್ಯವನ್ನು ಮುಖ್ಯ ನಾಯಕನಿಗೆ ಕೊಡಿಸಿ, ಅವನ ಬಳಿ ಒಂದೇ ಸೈನಿಕನನ್ನು ಉಳಿಸಿ, ದಾರಿಯಲ್ಲಿ ಬಿದ್ದಿರುವ ಮರ, ಅದಿರು, ಚಿನ್ನಗಳನ್ನು ಹೆಕ್ಕಲು ಅಟ್ಟುತ್ತಾರೆ. ಗಾಳಿಗಿರಣಿ, ನೀರಿನ ಚಕ್ರಗಳಿಗೆ ವಾರಕ್ಕೊಮ್ಮೆ ಭೇಟಿ ಕೊಡುವುದು, ಗಣಿಗಳ ಮೇಲೆ ಬಾವುಟ ನೆಡುವುದು, ಕಪ್ಪು ಮುಸುಕಿನಡಿ ಇರುವ ನೆಲವನ್ನು ಬೆಳಕಿಗೆ ತರುವುದು ಇಂಥವರ ಕೆಲಸ. ಆಟ ಗೆದ್ದಾಗ ಇವರ ಹೆಸರು ಯಾರಿಗೂ ನೆನಪಿರುವುದಿಲ್ಲ.

ಇವರಿಂದಾಗುವ ಇನ್ನೊಂದು ಕೆಲಸವನ್ನು ನಾನು ಈ ಆಟದ ಅತ್ಯಂತ ಸುಂದರವಾದ ಉಪಾಯವೆಂದು ಎಣಿಸುತ್ತೇನೆ. ಪ್ರತಿ ನಾಯಕನಿಗೂ ದಿನಕ್ಕೆ ಇಂತಿಷ್ಟು ನಡಿಗೆಯ ಅಂಕಗಳಿವೆ; ಅವನ ಸೈನ್ಯದಲ್ಲಿ ಅತಿ ನಿಧಾನದ ಜೀವಿ ಯಾವುದೋ ಅದರ ವೇಗಕ್ಕೆ ತಕ್ಕಂತೆ ಈ ಅಂಕ 1500ರಿಂದ 2000ದವರೆಗೆ ಇರುತ್ತದೆ. ಸಾಮಾನ್ಯ ನೆಲದಲ್ಲಿ ಒಂದು ಹೆಜ್ಜೆಗೆ 100 ಅಂಕ ಖರ್ಚು, ಕಲ್ಲು ಹಾಸಿದ ರಸ್ತೆಯಲ್ಲಿ ಅದರ ಅರ್ಧ, ಜೌಗು ನೆಲದಲ್ಲಿ 175. ಅಂಕಗಳು ನಾಯಕನಿಗೆ ಸೇರಿದ್ದು, ಸೈನ್ಯಕ್ಕಲ್ಲ. ಹೀಗಾಗಿ ಪಟ್ಟಣದಿಂದ ಹೊಸ ಸೈನಿಕರನ್ನು ಎತ್ತಿಕೊಂಡು ಹೊರಟ ನಾಯಕ ತನ್ನ ಅಂಕ ಮುಗಿಯುವಷ್ಟು ದೂರ ಓಡಿ, ಅಲ್ಲಿ ಕಾದು ನಿಂತ ಎರಡನೆಯವನಿಗೆ ಅವರನ್ನು ಒಪ್ಪಿಸಿ, ಅವನು ಮೂರನೆಯವನಿಗೆ, ಮೂರನೆಯವನು ಮುಂಚೂಣಿಯಲ್ಲಿರುವ ಮುಖ್ಯ ನಾಯಕನಿಗೆ ಒಪ್ಪಿಸಿದರೆ, ಬೆಂಕಿ ಬಿದ್ದ ಮನೆಗೆ ಜನ ಸಾಲಾಗಿ ನಿಂತು ಬಾವಿಯಿಂದ ಕೊಡ ದಾಟಿಸುವಂತೆ, ಇಡೀ ಸೈನ್ಯ ಒಂದೇ ದಿನದಲ್ಲಿ ಹಲವು ದಿನಗಳ ದಾರಿಯನ್ನು ದಾಟಿಬಿಡುತ್ತದೆ. ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ನಡಿಗೆಯ ಅಂಕ ನಿರ್ಧಾರವಾಗುವುದು ದಿನ ಆರಂಭವಾಗುವ ಗಳಿಗೆಯಲ್ಲಿ ಸೈನ್ಯದಲ್ಲಿ ಯಾರಿದ್ದಾರೆ ಎಂಬುದರ ಮೇಲೆ. ರಾತ್ರಿ ಕುಂಟುವ ಜೊಂಬಿಗಳನ್ನು ಪಕ್ಕದ ನಾಯಕನ ಬಳಿ ಬಿಟ್ಟು, ಬೆಳಗ್ಗೆ ಎತ್ತಿಕೊಂಡರೆ ಅವುಗಳ ನಿಧಾನ ನಮ್ಮನ್ನು ತಟ್ಟುವುದಿಲ್ಲ. ಎದುರಾಳಿ ಇನ್ನೂ ಮೂರು ದಿನದ ದೂರದಲ್ಲಿದ್ದಾನೆ ಎಂದು ನೆಮ್ಮದಿಯಾಗಿದ್ದವನ ಬಾಗಿಲಿಗೆ ಮರುದಿನವೇ ಸೈನ್ಯ ಬಂದು ನಿಲ್ಲುವುದು ಹೀಗೆ.

ನಮ್ಮ ಮನೆಯಲ್ಲಿ ರಜೆಯ ದಿನಗಳಲ್ಲಿ ಒಂದೇ ಕಂಪ್ಯೂಟರಿನ ಮುಂದೆ ದೊಡ್ಡಪ್ಪನ ಮಗನೂ ನಾನೂ ಸರದಿಯಂತೆ ಕುಳಿತು ಆಡುತ್ತಿದ್ದೆವು. ಇದಕ್ಕೆ ಹಾಟ್ ಸೀಟ್ ಎನ್ನುತ್ತಾರೆ. ಒಬ್ಬ ಆಡುವಾಗ ಇನ್ನೊಬ್ಬ ಗೋಡೆಯತ್ತ ತಿರುಗಿ ಕೂರಬೇಕೆಂಬುದು ನಿಯಮ. ಗೋಡೆ ನೋಡುತ್ತ ಕುಳಿತವನಿಗೆ ಕೇಳಿಸುವುದು ಮೌಸಿನ ಸದ್ದು, ಕುದುರೆಯ ಗೊರಸಿನ ಸದ್ದು ಮಾತ್ರ, ಮತ್ತು ಗೊರಸಿನ ಸದ್ದು ಬದಲಾಗುವುದರಿಂದ ಎದುರಾಳಿ ಈಗ ಯಾವ ಬಗೆಯ ನೆಲದಲ್ಲಿದ್ದಾನೆ ಎಂದು ಊಹಿಸುವ ವಿದ್ಯೆಯನ್ನು ನನ್ನ ಅಣ್ಣ ಚೆನ್ನಾಗಿ ಸಾಧಿಸಿಕೊಂಡಿದ್ದ. ನಾಯಕರ ಸರಪಳಿಯ ಉಪಾಯವನ್ನು ನನಗೆ ಮೊದಲು ತೋರಿಸಿಕೊಟ್ಟವನೂ ಅವನೇ, ಅದೂ ನನ್ನ ರಾಜಧಾನಿಯನ್ನು ಕಿತ್ತುಕೊಳ್ಳುವ ಮೂಲಕ.

ದಾರಿ ಕಾಯುವ ಜೀವಿಗಳ ನಿಖರ ಸಂಖ್ಯೆಯನ್ನು ಆಟ ಸಾಮಾನ್ಯವಾಗಿ ಹೇಳುವುದಿಲ್ಲ, ಒಂದು ಪದದಲ್ಲಿ ಸೂಚಿಸುತ್ತದೆ. ‘ಪ್ಯಾಕ್’ ಎಂದರೆ 10ರಿಂದ 19, ‘ಲಾಟ್ಸ್’ ಎಂದರೆ 20ರಿಂದ 49, ‘ಹೋರ್ಡ್’ ಎಂದರೆ 50ರಿಂದ 99, ‘ಲೀಜನ್’ ಎಂದರೆ ಸಾವಿರ ದಾಟಿತು. ಇಪ್ಪತ್ತೊಂದು ಜನರ ‘ಲಾಟ್ಸ್’ ಮೇಲೆ ಬೀಳುವುದಕ್ಕೂ ನಲವತ್ತೊಂಬತ್ತು ಜನರ ‘ಲಾಟ್ಸ್’ ಮೇಲೆ ಬೀಳುವುದಕ್ಕೂ ಇರುವ ಅಂತರವೇ ಎಷ್ಟೋ ಆಟಗಳ ಹಣೆಬರಹವಾಗಿರುತ್ತದೆ.

ಸಣ್ಣವರ ಲೆಕ್ಕ ಮಿತಿಮೀರಿದರೆ ಏನಾಗುತ್ತದೆ ಎಂಬುದಕ್ಕೆ ನೆಕ್ರೊಪೊಲಿಸ್ ಪಟ್ಟಣವೇ ಸಾಕ್ಷಿ. ಅದರ ನಾಯಕರು ಗೆದ್ದ ಪ್ರತಿ ಯುದ್ಧದ ನಂತರ ಸತ್ತ ಶತ್ರುಗಳಲ್ಲಿ ಒಂದು ಪಾಲನ್ನು ಅಸ್ಥಿಪಂಜರಗಳನ್ನಾಗಿ ಎಬ್ಬಿಸಿಕೊಳ್ಳುತ್ತಾರೆ. ವಿದ್ಯೆಯಲ್ಲಿ ಪರಿಣತಿ ಬಂದಾಗ ಈ ಪಾಲು ಶೇ. 30 ಆಗುತ್ತದೆ. ಅಸ್ಥಿಪಂಜರವೊಂದರ ಜೀವ ಬರೀ 6. ಆದರೆ ಸಂಬಳವಿಲ್ಲದೆ, ವಾರದ ಹಂಗಿಲ್ಲದೆ, ಗೆದ್ದಷ್ಟೂ ಬೆಳೆಯುವ ಈ ತುಕಡಿ ಎರಡನೆಯ ತಿಂಗಳ ಹೊತ್ತಿಗೆ ಸಾವಿರದ ಗಡಿ ಮುಟ್ಟಿ ಡ್ರ್ಯಾಗನ್‌ಗಳನ್ನೇ ಕಡಿದು ಹಾಕುತ್ತದೆ. ಅದಕ್ಕೆ ಪ್ರತಿಯಾಗಿ ಈ ಪಟ್ಟಣದ ಸೈನಿಕರು ಸತ್ತವರಾದ್ದರಿಂದ ಉತ್ಸಾಹದಿಂದ ಎರಡನೆಯ ಸಲ ಹೊಡೆಯುವ ಭಾಗ್ಯ ಅವರಿಗಿಲ್ಲ, ಹೆದರುವ ಶಾಪವೂ ಇಲ್ಲ. ಆ ಬೆಲೆ ಸಾಲದು ಎಂದೇ ನನ್ನ ಅಭಿಪ್ರಾಯ. ಸ್ಪರ್ಧೆಯಲ್ಲಿ ಆಡುವವರೂ ಬಹುಕಾಲದಿಂದ ಇದೇ ಮಾತನ್ನು ಹೇಳುತ್ತ ಬಂದಿದ್ದಾರೆ.

ಸಮತೋಲದ ದೋಷಗಳು ಇನ್ನೂ ಇವೆ. ಬಯಸಿದ ಪಟ್ಟಣಕ್ಕೆ ಕ್ಷಣದಲ್ಲಿ ಕರೆದೊಯ್ಯುವ ಟೌನ್ ಪೋರ್ಟಲ್, ಸತ್ತವರನ್ನು ಎಬ್ಬಿಸುವ ರೆಸರೆಕ್ಷನ್, ಆಗಲೇ ಹೇಳಿದ ಸ್ಲೋ, ಇವು ಮೂರೂ ಭೂಮಿಯ ವಿದ್ಯೆಗೇ ಸೇರಿರುವುದರಿಂದ ಆ ವಿದ್ಯೆ ಸಿಕ್ಕವನ ಆಟ ಒಂದು ತರಹ, ಸಿಗದವನ ಆಟ ಇನ್ನೊಂದು ತರಹ. ಇದಕ್ಕೆ ವಿರುದ್ಧವಾಗಿ ‘ಈಗಲ್ ಐ’ ಎಂಬ ಕೌಶಲವೊಂದಿದೆ. ಶತ್ರು ಹಾಕಿದ ಮಂತ್ರವನ್ನು ನೋಡಿ ಕಲಿಯುವ ಸಾಧ್ಯತೆಯನ್ನು ಅದು ಕೊಡುತ್ತದೆ, ಮತ್ತು ನಾಯಕನ ಎಂಟೇ ಎಂಟು ಕೌಶಲಗಳ ಜಾಗದಲ್ಲಿ ಒಂದನ್ನು ಶಾಶ್ವತವಾಗಿ ತಿಂದುಹಾಕುತ್ತದೆ. ಅದನ್ನು ಹೊಗಳಿದ ಆಟಗಾರನನ್ನು ನಾನಿನ್ನೂ ಕಂಡಿಲ್ಲ. ಕಂಪ್ಯೂಟರ್ ಎದುರಾಳಿಯ ಬುದ್ಧಿಯೂ ಅಷ್ಟಕ್ಕಷ್ಟೆ. ಅತಿ ಕಠಿಣವಾದ ‘ಇಂಪಾಸಿಬಲ್’ ಹಂತದಲ್ಲಿ ನಮ್ಮ ಖಜಾನೆಯನ್ನು ಪೂರ್ತಿ ಖಾಲಿ ಮಾಡಿ ಆಟ ಶುರುಮಾಡಿಸುವುದರಿಂದ ಅದು ಬಲಶಾಲಿಯಾಗಿ ಕಾಣುತ್ತದೆಯೇ ಹೊರತು ಹೆಚ್ಚು ಜಾಣತನದಿಂದಲ್ಲ.

ಕಥೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತಂದೆ ನಿಕೊಲಸ್ ಗ್ರಿಫನ್‌ಹಾರ್ಟ್ ರಾಜನ ಅಂತ್ಯಕ್ರಿಯೆಗೆಂದು ಎರಾಥಿಯಾಕ್ಕೆ ಮರಳುವ ರಾಣಿ ಕ್ಯಾಥರೀನ್, ರಾಜ್ಯ ಶತ್ರುಗಳ ಪಾಲಾಗುತ್ತಿರುವುದನ್ನು ಕಾಣುತ್ತಾಳೆ. ಸತ್ತ ರಾಜನನ್ನೇ ಎಬ್ಬಿಸಿ ತಮ್ಮ ದೊರೆಯನ್ನಾಗಿ ಮಾಡಿಕೊಂಡ ಮಾಂತ್ರಿಕರು ಕೊನೆಗೆ ಅವನನ್ನು ಅಂಕೆಯಲ್ಲಿಡಲಾರದೆ ಆಕೆಯೊಡನೆಯೇ ಕೈಜೋಡಿಸಬೇಕಾಗುತ್ತದೆ. ತಂದೆಯ ಶವದ ವಿರುದ್ಧ ಮಗಳು ಸೈನ್ಯ ನಡೆಸುವ ಈ ತಿರುವು ಚೆನ್ನಾಗಿದೆ, ಆದರೆ ಅದನ್ನು ಹೇಳಿರುವ ರೀತಿ ಒಣ. ನಾನು ಕಥೆಯ ಸರಣಿಗಿಂತ ಬಿಡಿ ಮ್ಯಾಪುಗಳನ್ನೇ ಹೆಚ್ಚು ಆಡಿದ್ದೇನೆ.

ಮೂಲ ಆಟಕ್ಕೆ 1999ರಲ್ಲಿಯೇ ‘ಆರ್ಮಗೆಡನ್ಸ್ ಬ್ಲೇಡ್’, 2000ದಲ್ಲಿ ‘ಶ್ಯಾಡೋ ಆಫ್ ಡೆತ್’ ಎಂಬ ವಿಸ್ತರಣೆಗಳು ಬಂದವು. ಮೊದಲನೆಯದರಲ್ಲಿ ‘ಫೋರ್ಜ್’ ಎಂಬ ಯಂತ್ರಗಳ ಪಟ್ಟಣವನ್ನು ಸೇರಿಸುವ ಯೋಜನೆಯಿತ್ತು. ಕತ್ತಿ, ಮಂತ್ರಗಳ ಲೋಕಕ್ಕೆ ಯಂತ್ರ ಮತ್ತು ಬಂದೂಕು ಬರುತ್ತವೆಂದು ತಿಳಿದ ಅಭಿಮಾನಿಗಳು ರೊಚ್ಚಿಗೆದ್ದರು. ಸಂಸ್ಥೆ ಹಿಂದೆ ಸರಿದು ಅದರ ಜಾಗದಲ್ಲಿ ಗಾಳಿ, ನೀರು, ಬೆಂಕಿ, ಮಣ್ಣುಗಳ ಜೀವಿಗಳಿರುವ ‘ಕಾನ್‌ಫ್ಲಕ್ಸ್’ ಪಟ್ಟಣವನ್ನು ಕೊಟ್ಟಿತು. ವಾಸ್ತವವಾಗಿ ‘ಮೈಟ್ ಅಂಡ್ ಮ್ಯಾಜಿಕ್’ ಲೋಕದಲ್ಲಿ ಯಂತ್ರಗಳೂ ಅಂತರಿಕ್ಷ ನೌಕೆಗಳೂ ಮೊದಲಿನಿಂದ ಇದ್ದವು, ‘ಹೀರೋಸ್’ ಮಾತ್ರ ಆಡಿದವರಿಗೆ ಅದು ಗೊತ್ತಿರಲಿಲ್ಲ ಅಷ್ಟೆ. ಅವಸರದಲ್ಲಿ ಬಂದ ಕಾನ್‌ಫ್ಲಕ್ಸ್ ಮಿಕ್ಕವುಗಳಿಗಿಂತ ವಿಪರೀತ ಬಲಶಾಲಿಯಾಗಿ, ಇಂದಿಗೂ ಅದನ್ನು ಆಡುವಂತಿಲ್ಲವೆಂದು ಮೊದಲೇ ಮಾತಾಡಿಕೊಂಡು ಕೂರುವವರಿದ್ದಾರೆ.

2003ರಲ್ಲಿ 3ಡಿಓ ದಿವಾಳಿಯಾಗಿ, ‘ಮೈಟ್ ಅಂಡ್ ಮ್ಯಾಜಿಕ್’ ಹಕ್ಕುಗಳು 13 ಲಕ್ಷ ಡಾಲರಿಗೆ ಯುಬಿಸಾಫ್ಟ್ ಕಂಪನಿಯ ಪಾಲಾದವು. ಅದು 2015ರಲ್ಲಿ ಹೊಸ ಪರದೆಗಳಿಗೆ ಹೊಂದುವಂತೆ ಮೂರನೆಯ ಆಟದ ಎಚ್‌ಡಿ ಆವೃತ್ತಿಯನ್ನು ತಂದಿತಾದರೂ ವಿಸ್ತರಣೆಗಳ ಸೋರ್ಸ್ ಕೋಡ್ ದೊರೆಯದ ಕಾರಣ ಅವುಗಳನ್ನು ಸೇರಿಸಲಿಲ್ಲ. ಆಟವನ್ನು ನಿಜವಾಗಿ ಬದುಕಿಸಿದವರು ಅಭಿಮಾನಿಗಳು, ಅದರಲ್ಲೂ ಈ ಆಟವನ್ನು ಮನೆಮಾತಾಗಿಸಿಕೊಂಡಿರುವ ರಷ್ಯಾ, ಪೋಲೆಂಡ್, ಉಕ್ರೇನ್ ದೇಶಗಳವರು. ರಷ್ಯನ್ ಭಾಷಿಕರ ಗುಂಪೊಂದು 2011ರ ಕೊನೆಯಲ್ಲಿ ಹೊರತಂದ ‘ಹಾರ್ನ್ ಆಫ್ ದಿ ಅಬಿಸ್’ ಎಂಬ ಉಚಿತ ವಿಸ್ತರಣೆ ಕಡಲುಗಳ್ಳರ ‘ಕೋವ್’ ಪಟ್ಟಣವನ್ನು ತಂದಿತು, ಸತ್ತವರನ್ನು ಎಬ್ಬಿಸುವ ಪಾಲನ್ನು ಕಡಿತಗೊಳಿಸಿತು, ಆನ್‌ಲೈನ್ ಸ್ಪರ್ಧೆಗಳಿಗೆ ನೆಲೆಯಾಯಿತು. ಅದೇ ವಿಸ್ತರಣೆಗೆ ಇತ್ತೀಚಿನ ವರ್ಷಗಳಲ್ಲಿ ‘ಫ್ಯಾಕ್ಟರಿ’ ಎಂಬ ಯಂತ್ರಗಳ ಪಟ್ಟಣವೊಂದು ಸೇರಿಕೊಂಡಿದೆ, ಮತ್ತು ಈ ಸಲ ಅಭಿಮಾನಿಗಳು ಅದನ್ನು ಸಂತೋಷದಿಂದಲೇ ಬರಮಾಡಿಕೊಂಡರು. ಸ್ಪರ್ಧೆಗಳಲ್ಲಿ ಪಟ್ಟಣಗಳ ಬಲಾಬಲದ ಪ್ರಶ್ನೆಯನ್ನು ಬಗೆಹರಿಸಿಕೊಂಡಿರುವ ರೀತಿ ನನಗೆ ಬಹಳ ಇಷ್ಟ: ಬಲವಾದ ಕಡೆ ತನಗೇ ಬೇಕೆನ್ನುವವನು ಆರಂಭದ ಚಿನ್ನದಲ್ಲಿ ಇಷ್ಟನ್ನು ಎದುರಾಳಿಗೆ ಬಿಟ್ಟುಕೊಡುತ್ತೇನೆಂದು ಹರಾಜು ಕೂಗುತ್ತಾನೆ, ಕೊನೆಯ ಕೂಗಿಗೆ ಆಟ ಶುರುವಾಗುತ್ತದೆ.

ಈಗ ಮೊದಲ ಬಾರಿಗೆ ಆಡಬೇಕೆನ್ನುವವರು ಎಚ್‌ಡಿ ಆವೃತ್ತಿಯ ಬದಲು ಎರಡೂ ವಿಸ್ತರಣೆಗಳಿರುವ ‘ಕಂಪ್ಲೀಟ್’ ಆವೃತ್ತಿಯನ್ನು ಕೊಳ್ಳುವುದು ಒಳ್ಳೆಯದು. ಜಿಓಜಿ ತಾಣದಲ್ಲಿ ಅದು ಸಿಗುತ್ತದೆ, ರಿಯಾಯಿತಿಯ ದಿನಗಳಲ್ಲಿ ತೀರಾ ಅಗ್ಗವಾಗಿಯೇ ಸಿಗುತ್ತದೆ, ಹತ್ತು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ‘ಹಾರ್ನ್ ಆಫ್ ದಿ ಅಬಿಸ್’ ಹಾಕಿಕೊಳ್ಳಲೂ ಈ ಆವೃತ್ತಿಯೇ ಬೇಕು. ಕ್ಯಾಸಲ್ ಅಥವಾ ರ್‍ಯಾಂಪಾರ್ಟ್ ಪಟ್ಟಣವನ್ನು ಆರಿಸಿಕೊಂಡು ಚಿಕ್ಕ ಮ್ಯಾಪಿನಲ್ಲಿ, ಒಬ್ಬನೇ ಎದುರಾಳಿಯೊಂದಿಗೆ ಶುರುಮಾಡಿ. ಎರಡನೆಯ ನಾಯಕನನ್ನು ಮೊದಲ ದಿನವೇ ಕರೆತನ್ನಿ. ತುಕಡಿ ಒಡೆಯುವ ಗುಂಡಿ ಪರದೆಯಲ್ಲಿ ಎಲ್ಲಿದೆಯೆಂದು ಮೊದಲ ಯುದ್ಧಕ್ಕೆ ಮುಂಚೆಯೇ ಹುಡುಕಿಟ್ಟುಕೊಳ್ಳಿ, ಏಳು ಜಾಗಗಳಲ್ಲಿ ಒಂದನ್ನೂ ಖಾಲಿ ಬಿಡಬೇಡಿ.